ಹೊಟ್ಟೆನೋವು ನೆಪವಲ್ಲ!



ಕಳೆದ ತಿಂಗಳು ನಮ್ಮ ಸಂಘದ ಇಬ್ಬರು ಕಾರ್ಯಕರ್ತರು ಒಬ್ಬ ಹೋಟೆಲು ಧಣಿಯ ಗಲ್ಲೆಯ ಮುಂದೆ ನಿಂತು, ಕೆಲಸ ಕಳಕೊಂಡ ಒಬ್ಬ ಹುಡುಗನ ಪರವಾಗಿ ನಾಲ್ಕು ಮಾತಾಡಿ ಬಂದರು. ಧಣಿಯ ಹೆಸರು ಇಲ್ಲಿ ಬೇಡ, ಹೋಟೆಲಿನ ಹೆಸರೂ ಬೇಡ. ಅವರೊಬ್ಬರನ್ನೇ ದೂರಿ ಫಲವಿಲ್ಲ. ಅವರು ಆಡಿದ ಮಾತನ್ನೇ ನಾಳೆ ಇನ್ನೊಬ್ಬರು ಆಡುತ್ತಾರೆ. ಮಾತು ಹೀಗಿತ್ತು: “ಹೊಟ್ಟೆ ಹಿಡಿತದಲ್ಲಿಲ್ಲದವನಿಗೆ ಹೋಟೆಲಿನಲ್ಲೇನು ಕೆಲಸ? ಕಾವಲಿಯ ಮುಂದೆ ನಿಂತವ ಗಂಟೆಗೆರಡು ಸಲ ಕಕ್ಕಸಿಗೆ ಓಡಿದರೆ ಗಿರಾಕಿ ಏನು ತಿನ್ನಬೇಕು? ಊರಿಗೆ ಹೋಗಿ ಗಂಜಿ ಕುಡಿದು ಮಲಗಲಿ. ನಾಲ್ಕು ದಿನದಲ್ಲಿ ಸರಿಯಾಗುತ್ತದೆ.”

ನಾಲ್ಕು ದಿನವಂತೆ! ಆ ಹುಡುಗ ಈ ಹೊಟ್ಟೆಯನ್ನು ಹೊತ್ತುಕೊಂಡು ನಾಲ್ಕು ವರ್ಷವಾಯಿತು.

ಕುಂದಾಪುರದ ಕಡೆಯವನು. ಹದಿನೆಂಟರಲ್ಲಿ ಮೇಜು ಒರೆಸಲು ಬಂದು ಇಪ್ಪತ್ತೆರಡಕ್ಕೆ ದೋಸೆ ಕಾವಲಿಗೆ ಏರಿದವನು. ಇಪ್ಪತ್ಮೂರರಲ್ಲಿ ಬಲಗಡೆಯ ಕೆಳಹೊಟ್ಟೆಯಲ್ಲಿ ನೋವು ಹಿಡಿಯಿತು. ಮೊದಲು ಮೆಡಿಕಲ್ ಅಂಗಡಿಯ ನೋವಿನ ಗುಳಿಗೆ, ಆಮೇಲೆ ‘ಉಷ್ಣ’ವೆಂದು ಜೀರಿಗೆ ಕಷಾಯ, ಆಮೇಲೆ ಹುಳದ ಔಷಧ. ದಿನಕ್ಕೆ ಎಂಟು ಹತ್ತು ಸಲ ಬೇಧಿ, ಸಂಜೆಯಾದರೆ ಸಣ್ಣ ಜ್ವರ, ಬಾಯಲ್ಲಿ ಹುಣ್ಣು. ಒಂದು ವರ್ಷದಲ್ಲಿ ಹನ್ನೆರಡು ಕಿಲೊ ಇಳಿದ. ಕಡೆಗೆ ದೊಡ್ಡಾಸ್ಪತ್ರೆಯವರು ಗುದದ್ವಾರದಿಂದ ಕೊಳವೆ ದೂರದರ್ಶಕ ಹಾಯಿಸಿ ನೋಡಿ, ಸಣ್ಣ ಕರುಳು ದೊಡ್ಡ ಕರುಳಿಗೆ ಸೇರುವಲ್ಲಿ ಹುಣ್ಣುಗಳಿವೆ ಎಂದರು. ಕ್ಷಯವಿರಬಹುದೆಂದು ಔಷಧ ಶುರುವಾಯಿತು. ಗುಳಿಗೆ ನುಂಗಿದರೂ ಹುಣ್ಣು ಮಾಯಲಿಲ್ಲ. ಮತ್ತೆ ನೋಡಿದರು. ಆಗ ಗೊತ್ತಾಯಿತು, ಇದು ಕ್ಷಯವಲ್ಲ, ಕ್ರೋನ್ ರೋಗ.

ಈ ಹೆಸರು ನಮ್ಮಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಮಂದಿ ಕೇಳಿರಲಿಕ್ಕಿಲ್ಲ. ನಾವೂ ಕೇಳಿರಲಿಲ್ಲ. 1932ರಲ್ಲಿ ನ್ಯೂಯಾರ್ಕಿನ ಮೌಂಟ್ ಸೈನಾಯ್ ಆಸ್ಪತ್ರೆಯ ಮೂವರು ಡಾಕ್ಟರರು, ಕ್ರೋನ್, ಗಿನ್ಸ್‌ಬರ್ಗ್, ಓಪನ್‌ಹೈಮರ್, ಇದನ್ನು ವರ್ಣಿಸಿ ಬರೆದರು. ಅಕ್ಷರಕ್ರಮದಲ್ಲಿ ಕ್ರೋನರ ಹೆಸರು ಮೊದಲು ಬಂದದ್ದರಿಂದ ರೋಗಕ್ಕೂ ಅವರ ಹೆಸರೇ ಅಂಟಿತು. ಅದಕ್ಕೂ ಮೊದಲು, 1913ರಲ್ಲಿಯೇ, ಗ್ಲಾಸ್ಗೋದ ಡಾಲ್ಜಿಯಲ್ ಎಂಬ ಶಸ್ತ್ರವೈದ್ಯರು ಇಂಥವೇ ರೋಗಿಗಳನ್ನು ಕಂಡು ಬರೆದಿಟ್ಟಿದ್ದರು. ಅವರ ಹೆಸರು ಹಿಂದೆ ಉಳಿಯಿತು. ದುಡಿದವರೊಬ್ಬರು, ಹೆಸರಾದವರು ಇನ್ನೊಬ್ಬರು ಎಂಬುದು ನಮ್ಮ ಅಡಿಗೆಮನೆಗೆ ಮಾತ್ರ ಸೀಮಿತವಲ್ಲವೆಂದು ತೋರುತ್ತದೆ. ಇರಲಿ.

ರೋಗವಾದರೂ ಏನು? ನಮ್ಮ ಮೈಯಲ್ಲಿ ಹೊರಗಿನ ರೋಗಾಣುವನ್ನು ಹೊಡೆದಟ್ಟಲು ಒಂದು ಕಾವಲು ಪಡೆ ಇದೆ. ಈ ರೋಗದಲ್ಲಿ ಆ ಪಡೆ ದಿಕ್ಕುತಪ್ಪಿ ನಮ್ಮ ಕರುಳನ್ನೇ ಬಡಿಯತೊಡಗುತ್ತದೆ. ಬಾಯಿಯಿಂದ ಗುದದವರೆಗೆ ಅನ್ನದ ಹಾದಿಯಲ್ಲಿ ಎಲ್ಲಿ ಬೇಕಾದರೂ ಬರಬಹುದು. ಹೆಚ್ಚಾಗಿ ಬರುವುದು ಸಣ್ಣ ಕರುಳಿನ ಕೊನೆಯಲ್ಲಿ. ಗಿರಣಿಯಲ್ಲಿ ದುಡಿದವರಿಗೆ ಹೀಗೆ ಹೇಳಿದರೆ ತಿಳಿದೀತು: ಥಾನಿನಲ್ಲಿ ಒಂದು ಗಜ ಕೆಟ್ಟು, ಎರಡು ಗಜ ಚೆನ್ನಾಗಿದ್ದು, ಮತ್ತೆ ಅರ್ಧ ಗಜ ಕೆಟ್ಟಂತೆ, ಕರುಳು ತುಂಡು ತುಂಡಾಗಿ ಕೆಡುತ್ತದೆ. ಉರಿ ಕರುಳಿನ ಗೋಡೆಯ ಆಚೆ ಮಗ್ಗುಲಿನವರೆಗೂ ಇಳಿಯುತ್ತದೆ. ವರ್ಷಗಟ್ಟಲೆ ಹಾಗೆಯೇ ಬಿಟ್ಟರೆ ಅಲ್ಲಿ ಕಲೆಗಟ್ಟಿ ಹಾದಿ ಕಿರಿದಾಗುತ್ತದೆ, ಇಲ್ಲವೆ ತೂತು ಬಿದ್ದು ಕೀವು ಹೊಸ ಹಾದಿ ಹುಡುಕುತ್ತದೆ. ಶಸ್ತ್ರಕ್ರಿಯೆ ಮಾಡಿ ಕೆಟ್ಟ ತುಂಡನ್ನು ಕತ್ತರಿಸಿ ಹೊಲಿಯಬಹುದು. ಅನೇಕರಿಗೆ ಅದು ಬೇಕಾಗುತ್ತದೆ, ಅದರಿಂದ ಜೀವ ಉಳಿಯುತ್ತದೆ. ಆದರೆ ಕೆಟ್ಟಿರುವುದು ಬಟ್ಟೆಯಲ್ಲ, ಮಗ್ಗ. ಹೊಲಿದ ಜಾಗದ ಪಕ್ಕದಲ್ಲೇ ರೋಗ ಮತ್ತೆ ಹುಟ್ಟಿಕೊಳ್ಳುವುದುಂಟು. ಆದ್ದರಿಂದ ಔಷಧ ಬಹುತೇಕ ಜನ್ಮವಿಡೀ.

ಇದು ಅಂಟುರೋಗವಲ್ಲ. ಒಂದೇ ಲೋಟದಲ್ಲಿ ನೀರು ಕುಡಿದರೆ ಬರುವುದಿಲ್ಲ, ಒಂದೇ ಚಾಪೆಯಲ್ಲಿ ಮಲಗಿದರೆ ಬರುವುದಿಲ್ಲ. ಖಾರ ತಿಂದದ್ದಕ್ಕೆ ಬಂತು, ಹೋಟೆಲಿನ ಎಣ್ಣೆಗೆ ಬಂತು, ಕೆಟ್ಟ ಚಾಳಿಗೆ ಬಂತು ಎಂಬುದೆಲ್ಲ ಬಾಯಿಗೆ ಬಂದ ಮಾತು. ಹೆಚ್ಚಾಗಿ ಹದಿನೈದರಿಂದ ಮೂವತ್ತೈದರೊಳಗಿನವರನ್ನು ಹಿಡಿಯುತ್ತದೆ. ಅಂದರೆ ಊರಿಗೆ ಮನಿಯಾರ್ಡರು ಹೋಗಬೇಕಾದ ವಯಸ್ಸಿನಲ್ಲೇ.

ಈಗ ಧಣಿಯ ಮಾತಿಗೆ ಬರೋಣ. ಹೊಟ್ಟೆ ಸರಿಯಿಲ್ಲದವ ಕೆಲಸಕ್ಕೆ ಬಾರದವನೇ?

1956ರ ಜೂನ್ ತಿಂಗಳಲ್ಲಿ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರರಿಗೆ ಇದೇ ರೋಗದಿಂದ ಕರುಳು ಕಟ್ಟಿತು. 9ನೇ ತಾರೀಖು ನಸುಕಿನಲ್ಲಿ ವಾಲ್ಟರ್ ರೀಡ್ ಸೈನಿಕ ಆಸ್ಪತ್ರೆಯಲ್ಲಿ ಹೊಟ್ಟೆ ಕೊಯ್ದು, ಕಟ್ಟಿಹೋದ ಭಾಗವನ್ನು ಬಳಸಿ ಬೇರೆ ಹಾದಿ ಮಾಡಿಕೊಟ್ಟರು. “ಊರಿಗೆ ಹೋಗಿ ಗಂಜಿ ಕುಡಿಯಿರಿ” ಎಂದು ಅವರಿಗೆ ಯಾರೂ ಹೇಳಲಿಲ್ಲ. ಅದೇ ವರ್ಷ ನವೆಂಬರಿನಲ್ಲಿ ಅವರು ಮತ್ತೆ ಚುನಾವಣೆ ಗೆದ್ದರು. 1961ರ ಜನವರಿಯವರೆಗೆ ಅಧಿಕಾರ ನಡೆಸಿದರು. ನಡುವೆ, 1959ರ ಡಿಸೆಂಬರಿನಲ್ಲಿ, ಅದೇ ಹೊಟ್ಟೆಯನ್ನು ಹೊತ್ತು ದಿಲ್ಲಿಗೂ ಬಂದು ಹೋದರು! ಈ ಹೊಟ್ಟೆಯನ್ನಿಟ್ಟುಕೊಂಡು ಅಮೆರಿಕವನ್ನು ಆಳಬಹುದು, ಮಾಟುಂಗದಲ್ಲಿ ದೋಸೆ ಹೊಯ್ಯಲು ಮಾತ್ರ ಆಗದು ಎನ್ನುತ್ತೀರಾ, ಧಣಿಗಳೇ?

ವ್ಯತ್ಯಾಸ ರೋಗದಲ್ಲಿಲ್ಲ. ಅವರಿಗೆ ಬೇಕೆಂದಾಗ ಡಾಕ್ಟರು, ಬೇಕೆಂದಾಗ ವಿಶ್ರಾಂತಿ, ಹತ್ತು ಹೆಜ್ಜೆಯಲ್ಲಿ ಶೌಚಾಲಯ. ನಮ್ಮ ಹುಡುಗನಿಗೆ? ಬೆಳಿಗ್ಗೆ ಚಾಳಿನ ಸಾಮಾನ್ಯ ಕಕ್ಕಸಿನ ಮುಂದೆ ಡಬ್ಬ ಹಿಡಿದು ಸಾಲು. ಆಮೇಲೆ ಶೌಚಾಲಯವೇ ಇಲ್ಲದ ಲೋಕಲ್ ಗಾಡಿಯಲ್ಲಿ ಮುಕ್ಕಾಲು ಗಂಟೆ. ಹೋಟೆಲಿನಲ್ಲಿ ಗಿರಾಕಿಗಳಿಗೆ ಬಿಳಿ ಹಂಚು ಹಾಕಿದ ಶೌಚಾಲಯವುಂಟು, ಕೆಲಸಗಾರರು ಅದರೊಳಗೆ ಕಾಲಿಡಕೂಡದು. ಹಿಂದಿನ ಓಣಿಯ ಸಾರ್ವಜನಿಕ ಕಕ್ಕಸಿಗೆ ಹೋಗಬೇಕು. ಹೋಗಿ ಬರಲು ಹದಿನೈದು ನಿಮಿಷ. ಆ ಹದಿನೈದು ನಿಮಿಷವನ್ನೇ ಧಣಿ ಲೆಕ್ಕ ಹಾಕಿದ್ದು! ಕೀಲಿ ಕೊಟ್ಟಿದ್ದರೆ ಮೂರು ನಿಮಿಷದಲ್ಲಿ ಮುಗಿಯುತ್ತಿತ್ತು. ಕೆಲಸ ಕೆಡಿಸಿದ್ದು ಹುಡುಗನ ಕರುಳೋ, ಧಣಿಯ ಕೀಲಿಯೋ?

ಇನ್ನೊಂದು ಕಾರಣವನ್ನೂ ಅವರು ಕೊಟ್ಟರು. ಆಹಾರ ಮುಟ್ಟುವವನಿಗೆ ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆಯ ಸರ್ಟಿಫಿಕೇಟು ಬೇಕು, ಬೇಧಿಯವನಿಗೆ ಅದು ಸಿಗದು ಎಂದು. ನಿಯಮವಿರುವುದು ನಿಜ, ಇರಬೇಕಾದದ್ದೂ ನಿಜ. ಗಿರಾಕಿಯ ಹೊಟ್ಟೆ ನಮಗೂ ಮುಖ್ಯ. ಆದರೆ ಆ ತಪಾಸಣೆ ಹುಡುಕುವುದು ಅಂಟುರೋಗವನ್ನು. ಕ್ರೋನ್ ರೋಗ ಒಬ್ಬನಿಂದ ಇನ್ನೊಬ್ಬನ ತಾಟಿಗೆ ಹಾರುವಂಥದಲ್ಲ. ಹೊಸದಾಗಿ ಬೇಧಿ ಹೆಚ್ಚಿದರೆ, ಮಲಪರೀಕ್ಷೆ ಮಾಡಿಸಿ ಸೋಂಕಿಲ್ಲವೆಂದು ತಿಳಿಯುವವರೆಗೆ ಅವನನ್ನು ಅಡಿಗೆಯಿಂದ ದೂರವಿಡಿ, ಗಲ್ಲೆಯಲ್ಲಿ ಕೂರಿಸಿ, ಉಗ್ರಾಣದ ಲೆಕ್ಕ ಬರೆಸಿ. ಅದಕ್ಕೆ ನಮ್ಮ ಒಪ್ಪಿಗೆ ಇದೆ. ಕೆಲಸದಿಂದಲೇ ಕಿತ್ತುಹಾಕುವುದು ಯಾವ ಆರೋಗ್ಯ ನಿಯಮ?

ಬಂಧುಗಳೇ, ಕೆಲಸ ಹೋದರೆ ಪಗಾರವೊಂದೇ ಹೋಗುವುದಿಲ್ಲ. ಇಲ್ಲಿಯೇ ವಿಷಯದ ಮರ್ಮವಿದೆ.

ಈ ರೋಗದ ಔಷಧಗಳು ಯಾವುವು? ಉರಿ ಭುಗಿಲೆದ್ದಾಗ ಸ್ಟೀರಾಯ್ಡ್ ಗುಳಿಗೆ ಕೊಡುತ್ತಾರೆ. ಎರಡು ವಾರದಲ್ಲಿ ರೋಗಿ ಎದ್ದು ಕೂರುತ್ತಾನೆ, ಹಸಿವೆ ಬರುತ್ತದೆ, ಮುಖ ತುಂಬಿಕೊಳ್ಳುತ್ತದೆ. ಮನೆಯವರು “ಗುಣವಾಯಿತು” ಎನ್ನುತ್ತಾರೆ. ಮುಖ ತುಂಬಿದ್ದು ಆರೋಗ್ಯದಿಂದಲ್ಲ, ಗುಳಿಗೆಯ ಬಾವಿನಿಂದ! ಅದನ್ನೇ ವರ್ಷಗಟ್ಟಲೆ ನುಂಗಿದರೆ ಎಲುಬು ಸವೆಯುತ್ತದೆ, ಸಕ್ಕರೆ ರೋಗ ಬರುತ್ತದೆ, ಕಣ್ಣಿಗೆ ಪೊರೆ ಬರುತ್ತದೆ. ಒಮ್ಮೆಲೇ ನಿಲ್ಲಿಸಿದರೆ ಅದಕ್ಕಿಂತ ಅಪಾಯ. ಅದು ಬೆಂಕಿ ಆರಿಸುವ ಬಂಬು, ಮನೆ ಕಾಯುವ ಕಾವಲುಗಾರನಲ್ಲ. ಕಾವಲಿಗೆ ಬೇರೆ ಔಷಧ: ಅಝಾಥಯೋಪ್ರಿನ್ ಎಂಬ ಗುಳಿಗೆ. ಅದು ನಾಟಲು ಎರಡು ಮೂರು ತಿಂಗಳು ಬೇಕು. ಏಷ್ಯದ ಜನರಲ್ಲಿ ಕೆಲವರಿಗೆ ಹುಟ್ಟಿನಿಂದ ಬಂದ ಗುಣಭೇದದಿಂದಾಗಿ ಇದರಿಂದ ಬಿಳಿ ರಕ್ತಕಣಗಳು ಥಟ್ಟನೆ ಕುಸಿಯುತ್ತವೆ. ಆದ್ದರಿಂದ ಮೊದಮೊದಲು ಮತ್ತೆ ಮತ್ತೆ ರಕ್ತಪರೀಕ್ಷೆ ಆಗಲೇಬೇಕು. ಪರೀಕ್ಷೆಗೆ ಅರ್ಧ ದಿನ ರಜೆ ಬೇಕು. ಆ ಅರ್ಧ ದಿನವನ್ನು ಕೊಡುವ ಹೋಟೆಲು ಎಷ್ಟಿವೆ?

ಅದಕ್ಕೂ ಜಗ್ಗದ ರೋಗಕ್ಕೆ ಸೂಜಿಮದ್ದು. 1998ರಲ್ಲಿ ಇನ್‌ಫ್ಲಿಕ್ಸಿಮ್ಯಾಬ್ ಎಂಬುದಕ್ಕೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಆಸ್ಪತ್ರೆಯಲ್ಲಿ ಸಲೈನಿನಂತೆ ಹನಿಹನಿಯಾಗಿ ಕೊಡುವುದು, ಆರಂಭದ ಮೂರು ಸಲವಾದ ಮೇಲೆ ಎಂಟು ವಾರಕ್ಕೊಮ್ಮೆ. ಆಮೇಲೆ ಬಂದದ್ದು ಅಡಾಲಿಮುಮ್ಯಾಬ್. ಹದಿನಾಲ್ಕು ದಿನಕ್ಕೊಮ್ಮೆ ರೋಗಿ ತಾನೇ ಚುಚ್ಚಿಕೊಳ್ಳಬಹುದು. ಬೆಲೆ ಕೇಳಿದರೆ ಧಣಿಯೂ ಕುರ್ಚಿ ಹಿಡಿಯಬೇಕು. 2014ರ ಡಿಸೆಂಬರಿನಲ್ಲಿ ಅಹಮದಾಬಾದಿನ ಝೈಡಸ್ ಕ್ಯಾಡಿಲಾ ಕಂಪನಿ ಅಡಾಲಿಮುಮ್ಯಾಬಿನ ಜಗತ್ತಿನ ಮೊದಲ ಪ್ರತಿರೂಪವನ್ನು ನಮ್ಮ ದೇಶದಲ್ಲಿಯೇ ಮಾರಾಟಕ್ಕೆ ತಂದಿತು, ಮೂಲ ಔಷಧದ ಸುಮಾರು ಐದರಲ್ಲೊಂದು ಬೆಲೆಗೆ. ಒಳ್ಳೆಯದಾಯಿತು. ಆದರೆ ಲೋಟ ತೊಳೆಯುವವನಿಗೆ ಆ ಐದರಲ್ಲೊಂದು ಪಾಲೂ ಬೆಟ್ಟವೇ.

ಈ ಸೂಜಿಗಳ ಒಂದು ಗುಣವನ್ನು ನೀವೆಲ್ಲರೂ ನೆನಪಿಡಬೇಕು. ನಡುನಡುವೆ ನಿಲ್ಲಿಸಿ ಮತ್ತೆ ಶುರುಮಾಡಿದರೆ, ಮೈ ಆ ಮದ್ದನ್ನೇ ಶತ್ರುವೆಂದು ಗುರುತು ಹಿಡಿದು ಪ್ರತಿವಿಷ ತಯಾರಿಸಿಕೊಳ್ಳಬಹುದು. ಆಮೇಲೆ ಹಣವಿದ್ದರೂ ಆ ಮದ್ದು ನಾಟದು. ಅಂದರೆ ಈ ರೋಗಿಗೆ ಔಷಧ ತಪ್ಪುವುದೆಂದರೆ ಒಂದು ಹೊತ್ತಿನ ಊಟ ತಪ್ಪಿದಂತಲ್ಲ; ಬಾಗಿಲೊಂದು ಶಾಶ್ವತವಾಗಿ ಮುಚ್ಚಿದಂತೆ. ಮತ್ತೊಂದು ಸಂಗತಿ. ಈ ಮದ್ದುಗಳು ಮೈಯಲ್ಲಿ ಮಲಗಿರುವ ಕ್ಷಯವನ್ನು ಎಬ್ಬಿಸಬಲ್ಲವು. ಶುರುಮಾಡುವ ಮೊದಲು ಎದೆಯ ಕ್ಷ-ಕಿರಣ, ಕ್ಷಯದ ಪರೀಕ್ಷೆ ಆಗಬೇಕು. ಹತ್ತು ಮಂದಿ ಒಂದು ಖೋಲಿಯಲ್ಲಿ ಮಲಗುವ ನಾವು ಇದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ.

ಈಗ ಕಾನೂನನ್ನು ನೋಡಿ. 1948ರ ಕಾಯ್ದೆಯಿಂದ ನಮಗೆ ರಾಜ್ಯ ವಿಮೆ ಬಂತು. ಅದು ನಮ್ಮ ಪಗಾರದಿಂದ ಕಡಿದುಕೊಂಡ ಹಣದ ಹಕ್ಕು, ಯಾರ ದಾನವೂ ಅಲ್ಲ. ಕಾಯಿಲೆ ಬಿದ್ದವನಿಗೆ ವರ್ಷಕ್ಕೆ 91 ದಿನ, ಪಗಾರದ ನೂರಕ್ಕೆ 70ರಂತೆ ಕೊಡುತ್ತಾರೆ. ದೀರ್ಘ ರೋಗವಾದರೆ ಎರಡು ವರ್ಷದವರೆಗೆ ನೂರಕ್ಕೆ 80. ಆದರೆ ಅದಕ್ಕೊಂದು ಪಟ್ಟಿಯಿದೆ, 34 ರೋಗಗಳ ಪಟ್ಟಿ. ಕ್ಷಯ ಅದರಲ್ಲಿದೆ, ಕುಷ್ಠ ಇದೆ, ಕ್ಯಾನ್ಸರ್ ಇದೆ. ಕ್ರೋನ್ ರೋಗ ಇಲ್ಲ! ನಮ್ಮ ಹುಡುಗನ ಪಾಡನ್ನು ನೆನೆಯಿರಿ. ಡಾಕ್ಟರರು ಕ್ಷಯವೆಂದು ತಿಳಿದಿದ್ದಷ್ಟು ದಿನ ಅವನು ಪಟ್ಟಿಯೊಳಗಿನವನು. ಔಷಧ ಪುಕ್ಕಟೆ, ಪೌಷ್ಟಿಕ ಆಹಾರಕ್ಕೆ ಸರಕಾರದ ಹಣ. ನಿಜವಾದ ರೋಗ ಯಾವುದೆಂದು ಗೊತ್ತಾದ ದಿನವೇ ಪಟ್ಟಿಯಿಂದ ಹೊರಗೆ ಬಿದ್ದ. ಅದೇ ಕರುಳು, ಅದೇ ಹುಣ್ಣು, ಅದೇ ನೋವು. ಆರು ತಿಂಗಳಲ್ಲಿ ವಾಸಿಯಾಗಬಹುದಾದ ರೋಗಕ್ಕೆ ಇರುವ ಆಸರೆ ಜನ್ಮವಿಡೀ ಕಾಡುವ ರೋಗಕ್ಕಿಲ್ಲ. ಕ್ಷಯ ರೋಗಿಗೆ ಕೊಟ್ಟದ್ದನ್ನು ಕಿತ್ತುಕೊಳ್ಳಿರೆಂದು ನಾವು ಹೇಳುತ್ತಿಲ್ಲ. ಅದನ್ನು ಕ್ಷಯ ರೋಗಿಗಳಿಗೆ ಸುಮ್ಮನೆ ಯಾರೂ ಕೊಟ್ಟದ್ದಲ್ಲ. ಪಟ್ಟಿ ಬರೆದ ಕೈಗೆ ಇನ್ನೊಂದು ಸಾಲು ಬರೆಯಲು ಏನಡ್ಡಿ?

ಪಟ್ಟಿಯಲ್ಲಿಲ್ಲದ ಅಪರೂಪದ ರೋಗಕ್ಕೂ ವಿಶೇಷ ಅಪ್ಪಣೆಯ ಮೇಲೆ ದೀರ್ಘ ನೆರವು ಕೊಡುವ ಅಧಿಕಾರ ನಿಗಮದ ಮೇಲಧಿಕಾರಿಗಳಿಗಿದೆ. ಇದು ಎಷ್ಟು ಕೆಲಸಗಾರರಿಗೆ ಗೊತ್ತು? ಕೇಳದವನಿಗೆ ಯಾರು ತಾನಾಗಿ ಕೊಡುತ್ತಾರೆ? ಕೇಳಬೇಕು, ಬರೆದು ಕೇಳಬೇಕು. 2018ರಲ್ಲಿ ಬಂದ ಆಯುಷ್ಮಾನ್ ಯೋಜನೆಯ ಐದು ಲಕ್ಷದ ಮಾತನ್ನು ಗೋಡೆಗೋಡೆಯ ಮೇಲೆ ಓದಿದ್ದೇವೆ. ಅದು ಆಸ್ಪತ್ರೆಯಲ್ಲಿ ಮಲಗಿದವನಿಗೆ. ತಿಂಗಳು ತಿಂಗಳು ಚೀಟಿ ಹಿಡಿದು ಹೊರರೋಗಿಗಳ ಸಾಲಿನಲ್ಲಿ ನಿಲ್ಲುವವನ ಗುಳಿಗೆಗೆ ಅದರಲ್ಲಿ ಕಾಸಿಲ್ಲ. ಕರುಳು ಒಡೆದು ಬಿದ್ದರೆ ಹಣವುಂಟು, ಒಡೆಯದಂತೆ ಕಾಯಲು ಹಣವಿಲ್ಲ!

ರಾಜ್ಯ ವಿಮೆ ಹತ್ತು ಮಂದಿ ದುಡಿಯುವ ಕಡೆ ಅನ್ವಯಿಸುತ್ತದೆ. ಹದಿನಾರು ಮಂದಿ ದುಡಿಯುವ ಹೋಟೆಲಿನ ಹಾಜರಿ ಪುಸ್ತಕದಲ್ಲಿ ಎಂಟೇ ಹೆಸರು ಇರುವುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಹೆಸರಿದ್ದವನಿಗೂ, ಕೆಲಸ ಹೋದ ಕೆಲ ತಿಂಗಳಲ್ಲಿ ವಿಮೆಯ ದವಾಖಾನೆಯ ಬಾಗಿಲು ಮುಚ್ಚುತ್ತದೆ. ಧಣಿ ತೆಗೆದದ್ದು ಕೆಲಸದಿಂದ. ಹುಡುಗ ಕಳಕೊಂಡದ್ದು ಔಷಧವನ್ನು. ಔಷಧ ಹೋದರೆ ಮುಂದೆ ಕೆಲಸ ಹುಡುಕಲು ಮೈಯೇ ಇರುವುದಿಲ್ಲ.

ಧಣಿಗಳನ್ನೂ ಸರಕಾರವನ್ನೂ ಬಯ್ದು ಕೈ ತೊಳೆದುಕೊಳ್ಳಲು ನಮಗೆ ಮನಸ್ಸಿಲ್ಲ. ನಮ್ಮ ತಪ್ಪನ್ನೂ ಒಪ್ಪಿಕೊಳ್ಳಬೇಕು. ಕ್ಷಯವೆಂಬ ಸುದ್ದಿ ಹಬ್ಬಿದಾಗ ಆ ಹುಡುಗನ ಲೋಟವನ್ನು ಬೇರೆ ಇಟ್ಟವರು ಧಣಿಗಳಲ್ಲ, ನಾವು. ಅವನ ಹಾಸಿಗೆಯನ್ನು ಬಾಗಿಲಾಚೆ ಜಗಲಿಗೆ ಹಾಕಿದವರು ನಾವು. ಹೊಟ್ಟೆಯ ಕ್ಷಯ ಉಸಿರಿನಿಂದ ಹರಡುವಂಥದಲ್ಲ ಎಂದು ದವಾಖಾನೆಯ ಸಿಸ್ಟರು ಹೇಳಿದರೂ ಕೇಳಲಿಲ್ಲ. ರೋಗ ಬೇರೆಯೆಂದು ತಿಳಿದ ಮೇಲೂ ಲೋಟ ಹಿಂದಕ್ಕೆ ಬರಲು ಎರಡು ತಿಂಗಳು ಹಿಡಿಯಿತು.

ಸೂಜಿಯ ಕತೆ ಇನ್ನೂ ನಾಚಿಕೆಗೇಡು. ಚಂದಾ ಎತ್ತಿ ಮೊದಲ ಸೂಜಿಗಳನ್ನು ತಂದೆವು. ಆ ಮದ್ದನ್ನು 2ರಿಂದ 8 ಡಿಗ್ರಿ ತಂಪಿನಲ್ಲಿಡಬೇಕು, ಖೋಲಿಯಲ್ಲಿ ಪೆಟ್ಟಿಗೆಯಿಲ್ಲ. ನಮ್ಮವರೇ ಒಬ್ಬರು, ಹೆಚ್ಚು ತಂಪಾದರೆ ಹೆಚ್ಚು ಒಳ್ಳೆಯದೆಂದು, ತಾವು ದುಡಿಯುವ ಅಂಗಡಿಯ ಐಸ್‌ಕ್ರೀಮ್ ಪೆಟ್ಟಿಗೆಯಲ್ಲಿಟ್ಟರು. ಬೆಳಿಗ್ಗೆ ನೋಡಿದರೆ ಮದ್ದು ಹೆಪ್ಪುಗಟ್ಟಿದೆ. ಹೆಪ್ಪುಗಟ್ಟಿದ್ದು ಕರಗಿದರೂ ಉಪಯೋಗಕ್ಕಿಲ್ಲ, ಎಸೆಯಬೇಕು. ನೂರಾರು ಮಂದಿಯ ಒಂದು ದಿನದ ಚಹದ ಕಾಸು ಹಾಗೆ ಚರಂಡಿಗೆ ಹೋಯಿತು. ಇಟ್ಟವರನ್ನು ದೂರುವುದಿಲ್ಲ, ಹೇಳಿಕೊಡದೆ ಕಳಿಸಿದ ಸಂಘದ್ದೇ ತಪ್ಪು.

ಬೀಡಿಯ ವಿಷಯವನ್ನೂ ಹೇಳಿಬಿಡೋಣ, ಹೇಳಿದರೆ ಕೆಲವರಿಗೆ ಕೋಪ ಬಂದೀತು. ಹೊಗೆ ಸೇದುವುದರಿಂದ ಈ ರೋಗ ಕೆರಳುತ್ತದೆ, ಶಸ್ತ್ರಕ್ರಿಯೆಯಾದ ಮೇಲೆ ಮತ್ತೆ ಬೇಗ ಮರುಕಳಿಸುತ್ತದೆ. ಇದರಲ್ಲಿ ಧಣಿಯ ಪಾಲಿಲ್ಲ. ಬೆನ್ನು ನೋವಿಗೆ, ತಲೆ ನೋವಿಗೆ ಅಂಗಡಿಯಿಂದ ತಂದು ನುಂಗುವ ಐಬುಪ್ರೊಫೆನ್, ಡೈಕ್ಲೊಫೆನಾಕ್ ಗುಳಿಗೆಗಳೂ ಕೆರಳಿಸಬಹುದು; ಡಾಕ್ಟರರನ್ನು ಕೇಳದೆ ಮುಟ್ಟಬಾರದು. ಸ್ವಲ್ಪ ಗುಣ ಕಂಡ ಕೂಡಲೇ ಗುಳಿಗೆ ಬಿಟ್ಟು ಊರ ಜಾತ್ರೆಗೆ ಹೋಗುವವರಿಗೂ ಇದೇ ಮಾತು.

ಮೂರು ತಿಂಗಳಿಗಿಂತ ಹೆಚ್ಚು ಕಾಲ ಬೇಧಿ, ಹೊಟ್ಟೆನೋವು, ತೂಕ ಇಳಿಯುವುದು, ಮಲದಲ್ಲಿ ರಕ್ತ ಇದ್ದವರು ಯಾರೇ ಇರಲಿ, ಕಷಾಯಕ್ಕೆ ಕೈಮುಗಿದು ಪರೇಲದ ಕೆ.ಇ.ಎಂ. ಆಸ್ಪತ್ರೆಗೋ ಮುಂಬಯಿ ಸೆಂಟ್ರಲಿನ ನಾಯರ್ ಆಸ್ಪತ್ರೆಗೋ ಹೋಗಿ ಕರುಳಿನ ವಿಭಾಗದಲ್ಲಿ ತೋರಿಸಿಕೊಳ್ಳಿರಿ. ಕ್ಷಯದ ಔಷಧ ಕೊಟ್ಟರೆ ಡಾಕ್ಟರರ ಮೇಲೆ ಸಿಟ್ಟಾಗಬೇಡಿ. ಎರಡೂ ರೋಗಗಳು ಅದೇ ಜಾಗದಲ್ಲಿ ಅದೇ ರೂಪದಲ್ಲಿ ಕೂರುತ್ತವೆ. ನಮ್ಮ ದೇಶದಲ್ಲಿ ಕ್ಷಯ ಹೆಚ್ಚು. ಕ್ಷಯವಿದ್ದವನಿಗೆ ತಪ್ಪಿ ಸ್ಟೀರಾಯ್ಡ್ ಕೊಟ್ಟರೆ ಪ್ರಾಣಕ್ಕೇ ಸಂಚಕಾರ. ಆದರೆ ಎರಡು ತಿಂಗಳಾದ ಮೇಲೆ “ಹುಣ್ಣು ಮಾಯಿತೇ, ಮತ್ತೆ ನೋಡುತ್ತೀರಾ?” ಎಂದು ಬಾಯಿಬಿಟ್ಟು ಕೇಳಿರಿ. ನಮ್ಮ ಹುಡುಗ ಕೇಳದೆ ಹನ್ನೊಂದು ತಿಂಗಳು ಕಳೆದ.

ಅವನು ಈಗ ನಮ್ಮ ಸಂಘದ ಖೋಲಿಯಲ್ಲಿದ್ದಾನೆ. ನಾಲ್ಕು ಸೂಜಿಯಾಗಿವೆ. ಬೇಧಿ ದಿನಕ್ಕೆರಡಕ್ಕೆ ಇಳಿದಿದೆ, ಐದು ಕಿಲೊ ಏರಿದ್ದಾನೆ. ಧಣಿಗೆ ಬರೆದ ಪತ್ರದಲ್ಲಿ ನಾವು ಕೇಳಿದ್ದು ಇಷ್ಟೇ: ಹಳೆಯ ಕಾವಲಿ, ಶೌಚಾಲಯದ ಕೀಲಿ, ಹದಿನೈದು ದಿನಕ್ಕೊಂದು ಅರ್ಧ ದಿನ. ರಾಜ್ಯ ವಿಮಾ ನಿಗಮಕ್ಕೆ ಬರೆದ ಅರ್ಜಿ ಬೇರೆ. ಅದರಲ್ಲಿ ಈ ಹುಡುಗನಿಗೆ ವಿಶೇಷ ಅಪ್ಪಣೆ, ಎಲ್ಲರಿಗಾಗಿ 34ರ ಪಟ್ಟಿಗೆ ಇನ್ನೊಂದು ಸಾಲು. ಮುಂದಿನ ಸೂಜಿ ಬರುವ ರವಿವಾರ. ಅದಕ್ಕೆ ಕಾಸು ಕೂಡಿದೆ, ಅದರ ಮುಂದಿನದಕ್ಕೆ ಕೂಡಿಲ್ಲ. ಅರ್ಜಿಯನ್ನು ಸಂಘದ ಮೇಜಿನ ಮೇಲೆ ಇಟ್ಟಿದ್ದೇವೆ, ರಾತ್ರಿ ಹೋಟೆಲು ಮುಚ್ಚಿದ ಮೇಲೆ ಹನ್ನೆರಡರವರೆಗೂ ಬಾಗಿಲು ತೆರೆದಿರುತ್ತದೆ. ಸಹಿ ಬಾರದವರು ಹೆಬ್ಬೆಟ್ಟು ಒತ್ತಬಹುದು. ಮಸಿಯ ಡಬ್ಬಿ ಪಕ್ಕದಲ್ಲೇ ಇದೆ.